ಹಂಚಿಕೊಂಡ ಆಡಳಿತವೋ, ಹಂಚಿಹೋದ ಆಡಳಿತವೋ?

ಮಾನ್ಯ ಮೇಷ್ಟ್ರೇ,

ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರಲೆಂದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಹೋದವರು ಅಲ್ಲಿಂದಲೂ ನಮ್ಮ ಕಿವಿ ಹಿಂಡುವುದನ್ನು ಬಿಟ್ಟಿಲ್ಲ, ಸಂತೋಷ. ನಿಮ್ಮ ನಾಲ್ಕು ಹಾಳೆಯ ಪತ್ರವನ್ನು ಪೂರ್ತಿ ಅಚ್ಚು ಮಾಡಲು ಜಾಗವಿಲ್ಲ. ಉಳಿದ ಓದುಗರಿಗಾಗಿ ಅದರ ತಿರುಳನ್ನು ಹೇಳಿಬಿಡುತ್ತೇನೆ.

ಎರಡು ವರ್ಷದ ಪದವಿ ಕೊಡುವ ಅಮೆರಿಕದ ಸಮುದಾಯ ಕಾಲೇಜುಗಳ ಬಗ್ಗೆ ನಾವು ಪ್ರಕಟಿಸಿದ್ದ ಲೇಖನ ಅಲ್ಲಿನ ‘ಹಂಚಿಕೊಂಡ ಆಡಳಿತ’ವನ್ನು, ಅಂದರೆ ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳೂ ಆಡಳಿತದಲ್ಲಿ ಪಾಲ್ಗೊಳ್ಳುವ ಪದ್ಧತಿಯನ್ನು, ಬಾಯ್ತುಂಬ ಹೊಗಳಿತ್ತು. ಅದೇನೆಂದು ಕಣ್ಣಾರೆ ನೋಡೋಣವೆಂದು, ಅಂಥದೊಂದು ಕಾಲೇಜಿನಲ್ಲಿ ಅರೆಕಾಲಿಕವಾಗಿ ಗಣಿತ ಹೇಳಿಕೊಡುವ ಸೊಸೆಯ ಜೊತೆ ನೀವು ಕಾಲೇಜ್ ಕೌನ್ಸಿಲ್ ಸಭೆಗೆ ಹೋದಿರಿ. ಎರಡೂವರೆ ಗಂಟೆ ಕೂತಿರಿ. ಕಾಲೇಜಿನ ಮುಖ್ಯಸ್ಥೆ ಮೂಲೆಯಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರಂತೆ. ಮಾತಾಡುತ್ತಿದ್ದವರು ಅಧ್ಯಾಪಕರು, ಪ್ರವೇಶಾತಿ ಕಿಟಕಿಯ ಗುಮಾಸ್ತೆ, ಒಬ್ಬ ಹತ್ತೊಂಬತ್ತರ ಹುಡುಗ. ‘ವಿದ್ಯಾರ್ಥಿ ಯಶಸ್ಸಿನ ಯೋಜನೆ’ಯ ಕರಡಿನಲ್ಲಿ ಅಷ್ಟು ಹೊತ್ತಿಗೆ ಬದಲಾದದ್ದು ಒಂದೇ ಒಂದು ವಾಕ್ಯ. ‘ಇದು ಹಂಚಿಕೊಂಡ ಆಡಳಿತವಲ್ಲ, ಹಂಚಿಹೋದ ಆಡಳಿತ. ನನ್ನ ಕಾಲದಲ್ಲಿ ಇಷ್ಟನ್ನು ಕಾಫಿ ಆರುವುದರೊಳಗೆ ತೀರ್ಮಾನಿಸುತ್ತಿದ್ದೆ’ ಎಂದಿದ್ದೀರಿ. ಆ ಹುಡುಗನನ್ನು ಕುರಿತು, ‘ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?’ ಎಂದೂ ಕೇಳಿದ್ದೀರಿ.

ಕೋಳಿಯ ವಿಷಯ ಆಮೇಲೆ. ಮೊದಲು ನಿಮ್ಮ ಸಣ್ಣ ಬೆರಗಿಗೆ ಉತ್ತರ: ಹೊರಗಿನವರಾದ ನಿಮ್ಮನ್ನು ಒಳಗೆ ಬಿಟ್ಟದ್ದಲ್ಲದೆ ‘ಏನಾದರೂ ಹೇಳುವುದಿದೆಯೇ’ ಎಂದು ಕೇಳಿದ್ದೇಕೆ? ಆ ರಾಜ್ಯದಲ್ಲಿ 1953ರಿಂದ ಬ್ರೌನ್ ಆ್ಯಕ್ಟ್ ಎಂಬ ಕಾನೂನಿದೆ. ಸ್ಥಳೀಯ ಸಾರ್ವಜನಿಕ ಸಂಸ್ಥೆಗಳು ಬಾಗಿಲು ತೆರೆದು ಸಭೆ ನಡೆಸಬೇಕು. ಮಾಮೂಲಿ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಬಂದ ಜನಕ್ಕೆ ಮಾತಾಡಲು ಅವಕಾಶ ಕೊಡಬೇಕು. ಕಾಲೇಜಿನ ಆಡಳಿತ ಮಂಡಳಿಗೂ ಅಧ್ಯಾಪಕರ ಪ್ರತಿನಿಧಿ ಸಭೆಯಾದ ಅಕಾಡೆಮಿಕ್ ಸೆನೆಟ್‌ಗೂ ಇದು ಅನ್ವಯಿಸುತ್ತದೆ. ಉಳಿದ ಸಮಿತಿಗಳಲ್ಲಿ ಎಷ್ಟೋ ಇದೇ ರೂಢಿಯನ್ನು ಪಾಲಿಸುತ್ತವೆ.

ಇನ್ನು ಮುಖ್ಯಸ್ಥೆ ಸುಮ್ಮನೆ ಕೂತದ್ದು. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳು ಮೊದಲು ಬೆಳೆದದ್ದು ಹೈಸ್ಕೂಲುಗಳ ಮಗ್ಗುಲಲ್ಲಿ. ಅಲ್ಲಿ ಕಲಿಸುವವರನ್ನೂ ಬಹುಕಾಲ ಹೈಸ್ಕೂಲ್ ಮೇಷ್ಟ್ರುಗಳಂತೆಯೇ ನಡೆಸಿಕೊಂಡರು: ಮೇಲಿನವರು ಹೇಳಬೇಕು, ಇವರು ಪಾಠ ಮಾಡಬೇಕು. 1988ರಲ್ಲಿ ಬಂದ ಎಬಿ 1725 (ಎಬಿ ಎಂದರೆ ಅಸೆಂಬ್ಲಿ ಬಿಲ್) ಎಂಬ ಕಾಯಿದೆ ಇದನ್ನು ತಿರುಗಿಸಿತು. ಅಧ್ಯಾಪಕರು, ಸಿಬ್ಬಂದಿ, ವಿದ್ಯಾರ್ಥಿಗಳು ಆಡಳಿತದಲ್ಲಿ ಪರಿಣಾಮಕಾರಿಯಾಗಿ ಪಾಲ್ಗೊಳ್ಳುವ ಹಕ್ಕು ಪಡೆದರು. ಪಠ್ಯಕ್ರಮ, ಪದವಿಯ ಅರ್ಹತೆ, ಅಂಕ ನೀಡಿಕೆ ಮುಂತಾದ ಹನ್ನೊಂದು ವಿಷಯಗಳಲ್ಲಿ ಆಡಳಿತ ಮಂಡಳಿ ಸೆನೆಟ್‌ನೊಂದಿಗೆ ಸಮಾಲೋಚಿಸಲೇಬೇಕು. ಅಲ್ಲಿಯವರ ಬಾಯಲ್ಲಿ ಅದು ‘ಟೆನ್ ಪ್ಲಸ್ ಒನ್’. ಪಟ್ಟಿಯ ಐದನೆಯದು ವಿದ್ಯಾರ್ಥಿಗಳ ಸಿದ್ಧತೆ ಮತ್ತು ಯಶಸ್ಸಿಗೆ ಸಂಬಂಧಿಸಿದ ನೀತಿ. ಹತ್ತನೆಯದು ಯೋಜನೆ ಮತ್ತು ಬಜೆಟ್ ರೂಪಿಸುವ ಬಗೆ. ಕೆಲವದರಲ್ಲಿ ಮಂಡಳಿ ಅಧ್ಯಾಪಕರ ಸಲಹೆಯನ್ನೇ ಮುಖ್ಯವಾಗಿ ನೆಚ್ಚಬೇಕು, ಕೆಲವದರಲ್ಲಿ ಇಬ್ಬರೂ ಒಪ್ಪಿ ನಡೆಯಬೇಕು. ಕೊನೆಯ ಸಹಿ ಮಾತ್ರ ಜನರಿಂದ ಚುನಾಯಿತವಾದ ಮಂಡಳಿಯದೇ. ಆಕೆ ಬರೆದುಕೊಳ್ಳುತ್ತಿದ್ದದ್ದು ಸಂಕೋಚದಿಂದಲ್ಲ ಮೇಷ್ಟ್ರೇ, ಆ ಟಿಪ್ಪಣಿ ಹಿಡಿದು ನಾಳೆ ಮಂಡಳಿಯ ಮುಂದೆ ನಿಲ್ಲಬೇಕಾದವರು ಆಕೆಯೇ.

ಇಷ್ಟು ಹೇಳಿ ನಿಮ್ಮನ್ನು ಗೆದ್ದೆ ಎಂದುಕೊಂಡರೆ ಅದು ಕಳ್ಳಾಟವಾಗುತ್ತದೆ. ನಿಮ್ಮ ವಾದಕ್ಕೆ ನೀವೇ ಬಳಸದ ಒಂದು ದೊಡ್ಡ ಆಧಾರವಿದೆ. ಅದನ್ನು ನಾನೇ ಒದಗಿಸುತ್ತೇನೆ, ನಮ್ಮ ಲೇಖನ ಅದನ್ನು ನುಂಗಿಕೊಂಡಿತ್ತು.

ಹದಿನೆಂಟು ತುಂಬಿದ ಯಾರು ಬಂದರೂ ಈ ಕಾಲೇಜುಗಳಲ್ಲಿ ಪ್ರವೇಶವುಂಟು. 116 ಕಾಲೇಜು, ಸುಮಾರು 20 ಲಕ್ಷ ವಿದ್ಯಾರ್ಥಿಗಳು. ಬಂದವರಿಗೆ ಮೊದಲು ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಹಿಂದೆ ಬಿದ್ದವರನ್ನು ಪದವಿಗೆ ಲೆಕ್ಕವಾಗದ ಪೂರ್ವಸಿದ್ಧತಾ ತರಗತಿಗೆ ಕಳಿಸುತ್ತಿದ್ದರು. ಹತ್ತು ಮಂದಿಯಲ್ಲಿ ಎಂಟು ಮಂದಿ ಗಣಿತಕ್ಕೋ ಇಂಗ್ಲಿಷಿಗೋ ಅಂಥ ಒಂದು ತರಗತಿಯಲ್ಲಾದರೂ ಕೂರುತ್ತಿದ್ದರು. ಗಣಿತದಲ್ಲಂತೂ ಕಾಲೇಜು ಮಟ್ಟಕ್ಕಿಂತ ನಾಲ್ಕು ಮೆಟ್ಟಿಲು ಕೆಳಗೆ ಇಳಿಸಿಬಿಡಬಹುದಿತ್ತು: ಮತ್ತೆ ಅಂಕಗಣಿತ, ಮತ್ತೆ ಭಿನ್ನರಾಶಿ, ಮತ್ತೆ ಬೀಜಗಣಿತ.

ನೀವು ಗಣಿತದ ಮೇಷ್ಟ್ರು, ಲೆಕ್ಕ ಹಾಕಿ ನೋಡಿ. ಪ್ರತಿ ಮೆಟ್ಟಿಲಿನಲ್ಲೂ ನೂರಕ್ಕೆ ಎಪ್ಪತ್ತು ಮಂದಿ ಪಾಸಾಗುತ್ತಾರೆ ಎನ್ನೋಣ. ಯಾವ ಮೇಷ್ಟ್ರಿಗೂ ಅದು ಒಳ್ಳೆಯ ಫಲಿತಾಂಶವೇ. ಮೊದಲ ಮೆಟ್ಟಿಲು ದಾಟಿದವರು 70, ಎರಡನೆಯದು 49, ಮೂರನೆಯದು 34, ನಾಲ್ಕನೆಯದು 24. ಪಾಸಾದ ಒಬ್ಬನೂ ಮನೆಯ ತಾಪತ್ರಯಕ್ಕೆ ಬಿಟ್ಟುಹೋಗಲಿಲ್ಲ ಎಂದುಕೊಂಡರೂ, ಕಾಲೇಜಿನ ಮೊದಲ ಗಣಿತ ತರಗತಿಯ ಬಾಗಿಲಿಗೆ ಮುಟ್ಟುವವರು ನೂರಕ್ಕೆ 24. ನಾಲ್ಕೂ ಮೇಷ್ಟ್ರುಗಳು ತಮ್ಮ ತಮ್ಮ ಫಲಿತಾಂಶ ನೋಡಿ ಬೆನ್ನು ತಟ್ಟಿಕೊಳ್ಳಬಹುದು. ಹುಡುಗರು ಮಾತ್ರ ಕಾಣೆ.

ಈ ವ್ಯವಸ್ಥೆ ನಡೆದದ್ದು ಯಾರ ಕಣ್ಣೆದುರು? ಅದೇ ಸೆನೆಟ್, ಅದೇ ಪಠ್ಯಕ್ರಮ ಸಮಿತಿ, ಅದೇ ಹನ್ನೊಂದು ವಿಷಯಗಳ ಪಟ್ಟಿಯ ಎದುರು. ಹಾಗೆಂದು ಅಧ್ಯಾಪಕರೆಲ್ಲ ಕಣ್ಣುಮುಚ್ಚಿ ಕೂತಿದ್ದರು ಎನ್ನುವಂತಿಲ್ಲ. ಹೇವರ್ಡ್‌ನ ಶಾಬೋ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಕೇಟಿ ಹರ್ನ್, ಲಾಸ್ ಮೆಡಾನೋಸ್ ಕಾಲೇಜಿನ ಗಣಿತದ ಮೈರಾ ಸ್ನೆಲ್ ಸೇರಿಕೊಂಡು, ನಾನು ಮೇಲೆ ಮಾಡಿದಂಥ ಲೆಕ್ಕವನ್ನೇ ಊರೂರಿಗೆ ಹೊತ್ತು, ಮೆಟ್ಟಿಲುಗಳನ್ನು ಕಡಿಮೆ ಮಾಡಿ ಎಂದು ಸಹೋದ್ಯೋಗಿಗಳನ್ನು ಒಪ್ಪಿಸುತ್ತ ತಿರುಗಿದರು. ಕೆಲವು ಕಾಲೇಜುಗಳು ಕೇಳಿದವು. ಉಳಿದವು ಉಪಸಮಿತಿ ಮಾಡಿದವು. ಕೊನೆಗೆ 2017ರಲ್ಲಿ ಶಾಸಕಿ ಜಾಕಿ ಇರ್ವಿನ್ ತಂದ ಎಬಿ 705 ಕಾಯಿದೆಯಾಯಿತು: ವಿದ್ಯಾರ್ಥಿಯ ಹೈಸ್ಕೂಲ್ ಅಂಕಗಳನ್ನು ಗಣನೆಗೆ ತೆಗೆದುಕೊಳ್ಳಿ, ಒಂದು ವರ್ಷದೊಳಗೆ ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಸಂಭವ ಹೆಚ್ಚುವ ಹಾಗೆ ದಾರಿ ಮಾಡಿ. 2022ರಲ್ಲಿ ಎಬಿ 1705 ಬಂದು ಇದನ್ನು ಇನ್ನಷ್ಟು ಬಿಗಿ ಮಾಡಿತು. ಅಧ್ಯಾಪಕರ ಸಂಘಟನೆಗಳು ಆಗ ವಿರೋಧಿಸಿದವು. ನಿಜವಾಗಿಯೂ ತಳಪಾಯ ಇಲ್ಲದೆ ಬಂದವರ ಗತಿಯೇನು ಎಂಬ ಅವರ ಪ್ರಶ್ನೆ ಬರೀ ಹಟದ್ದಲ್ಲ, ಅದಕ್ಕೆ ಇನ್ನೂ ಪೂರಾ ಉತ್ತರ ಸಿಕ್ಕಿಲ್ಲ. ಆದರೂ ಒಪ್ಪಬೇಕಾದ್ದು ಇದು: ‘ವಿದ್ಯಾರ್ಥಿ ಯಶಸ್ಸು’ ಎಂಬುದರಲ್ಲಿ ಆದ ಅತಿ ದೊಡ್ಡ ಬದಲಾವಣೆಗೆ ಸಮಿತಿಗಳನ್ನು ಕಾಯುವುದು ಬಿಟ್ಟು ರಾಜಧಾನಿ ಸ್ಯಾಕ್ರಮೆಂಟೋ ಕೈಹಾಕಬೇಕಾಯಿತು.

ಹಂಚಿಹೋದದ್ದಕ್ಕೂ ಉದಾಹರಣೆ ಬೇಕಿದ್ದರೆ ಸಮೀಪದಲ್ಲೇ ಇದೆ. ಸಿಟಿ ಕಾಲೇಜ್ ಆಫ್ ಸ್ಯಾನ್ ಫ್ರಾನ್ಸಿಸ್ಕೋದ ಹಣಕಾಸು, ಆಡಳಿತ ಎರಡರಲ್ಲೂ ಲೋಪ ಎಂದು ಮಾನ್ಯತೆ ಕೊಡುವ ಸಂಸ್ಥೆ 2012ರಲ್ಲಿ ಎಚ್ಚರಿಸಿ, 2013ರಲ್ಲಿ ಮಾನ್ಯತೆ ತೆಗೆಯುವ ತೀರ್ಮಾನಕ್ಕೇ ಬಂತು. ಚುನಾಯಿತ ಮಂಡಳಿಯನ್ನು ಬದಿಗೆ ಸರಿಸಿ ಒಬ್ಬ ವಿಶೇಷ ಟ್ರಸ್ಟಿಯ ಕೈಗೆ ಅಧಿಕಾರ ಕೊಟ್ಟರು. ಅಂದರೆ ನೀವು ಬಯಸುವ ಏಕಾಧಿಪತಿ ಪ್ರಿನ್ಸಿಪಾಲ್! ವಿದ್ಯಾರ್ಥಿಗಳು ಅದರಿಂದ ಮರಳಿ ಬರಲಿಲ್ಲ. ಸಂಖ್ಯೆ ಕುಸಿಯುತ್ತಲೇ ಹೋಯಿತು. ಕೋರ್ಟು ಕಚೇರಿ ಎಲ್ಲ ಆಗಿ 2017ರಲ್ಲಿ ಮಾನ್ಯತೆ ಗಟ್ಟಿಯಾಯಿತು.

ಹಾಗಾದರೆ ಈ ಸಭೆಗಳು ಯಾತಕ್ಕೆ? ನಿಮ್ಮ ಪತ್ರದ ಮೂರನೆಯ ಹಾಳೆಯಲ್ಲೇ ಉತ್ತರವಿದೆ, ಗಮನಿಸದೆ ಬರೆದುಬಿಟ್ಟಿದ್ದೀರಿ. ಬದಲಾದ ಆ ಒಂದು ವಾಕ್ಯ ಯಾವುದು? ಕರಡಿನಲ್ಲಿ ‘ಪ್ರತಿ ವಿದ್ಯಾರ್ಥಿ ಮೊದಲ ಸೆಮಿಸ್ಟರಿನಲ್ಲಿ ಕೌನ್ಸೆಲರ್‌ರನ್ನು ಕಂಡು ಶೈಕ್ಷಣಿಕ ಯೋಜನೆ ಬರೆಸಿಕೊಳ್ಳಬೇಕು’ ಎಂದಿತ್ತು. ಅದು ‘ಪ್ರತಿ ವಿದ್ಯಾರ್ಥಿಯನ್ನು ಮೊದಲ ಸೆಮಿಸ್ಟರಿನಲ್ಲಿ ಕೌನ್ಸೆಲರ್ ಸಂಪರ್ಕಿಸಿ ಯೋಜನೆ ಬರೆದುಕೊಡಬೇಕು’ ಎಂದಾಯಿತು. ‘ಕರ್ತೃ ಕರ್ಮಗಳ ಜಾಗ ಬದಲಿಸಲು ಎರಡೂವರೆ ಗಂಟೆ!’ ಎಂದು ನಕ್ಕಿದ್ದೀರಿ.

ನಗುವಂಥದ್ದಲ್ಲ. ಅಲ್ಲಿ ಎರಡು ವರ್ಷದ ಪದವಿಗೆ 60 ಯೂನಿಟ್, ಅಂದರೆ ನಮ್ಮ ಕಡೆಯ ಕ್ರೆಡಿಟ್‌ನಂಥದು, ಸಾಕು. 2017ರಲ್ಲಿ ರಾಜ್ಯಮಟ್ಟದ ಗುರಿಗಳನ್ನು ಗೊತ್ತುಮಾಡುವಾಗ ಪದವಿ ಪಡೆದವರು ಸರಾಸರಿ 87 ಯೂನಿಟ್ ಮಾಡಿರುತ್ತಿದ್ದರು. ಅದನ್ನು 79ಕ್ಕೆ ಇಳಿಸುವುದೇ ಒಂದು ಗುರಿಯಾಯಿತು. ಹೆಚ್ಚುವರಿ 27 ಯೂನಿಟ್ ಎಂದರೆ, ಯೂನಿಟ್‌ಗೆ 46 ಡಾಲರಿನಂತೆ 1,242 ಡಾಲರ್, ಪೂರ್ಣಾವಧಿ ಓದಿದರೂ ಹೆಚ್ಚುಕಡಿಮೆ ಎರಡು ಸೆಮಿಸ್ಟರ್. ಕೆಲಸಕ್ಕೆ ಹೋಗುತ್ತ ಓದುವವನಿಗೆ ಅದರ ಎರಡರಷ್ಟು. ಇದರಲ್ಲಿ ಬಹುಪಾಲು ಸೋಮಾರಿತನವಲ್ಲ, ದಾರಿ ಹೇಳುವವರಿಲ್ಲದ ಅಲೆದಾಟ. ಕೌನ್ಸೆಲರ್‌ರನ್ನು ಹೋಗಿ ಕಾಣು ಎಂದರೆ ಕಾಣುವವರು ಯಾರು? ಅಪ್ಪ ಅಮ್ಮ ಕಾಲೇಜು ಓದಿದ ಮನೆಯ ಹುಡುಗರು. ಉಳಿದವರಿಗೆ ಅಂಥ ಹುದ್ದೆ ಇದೆಯೆಂಬುದೇ ಗೊತ್ತಿರುವುದಿಲ್ಲ. ವಾಕ್ಯ ತಿರುಗಿದ ಕೂಡಲೇ ಹೊಣೆ ಕಾಲೇಜಿನ ಹೆಗಲಿಗೆ ಬಂತು. ಅದರ ಬೆನ್ನಿಗೇ ಇನ್ನಷ್ಟು ಕೌನ್ಸೆಲರ್‌ಗಳು, ಸಂಜೆಯ ಪಾಳಿ, ಬಜೆಟ್. ಎರಡೂವರೆ ಗಂಟೆ ಹಿಡಿದದ್ದು ವ್ಯಾಕರಣಕ್ಕಲ್ಲ, ದುಡ್ಡಿಗೆ.

ಆ ವಾಕ್ಯವನ್ನು ಎತ್ತಿದವರು ಯಾರು? ‘ಯಾರೋ ಕಿಟಕಿಯ ಗುಮಾಸ್ತೆ’ ಎಂದು ನೀವೇ ಬರೆದಿದ್ದೀರಿ. ಫಾರಂ ತಪ್ಪು ತುಂಬಿ ಮೂರನೆಯ ಸಲ ಬಂದ ಹುಡುಗಿಯ ಮುಖ ನೋಡುವವರು ಅವರು. ಡೀನ್ ನೋಡುವುದಿಲ್ಲ, ಮುಖ್ಯಸ್ಥೆಯೂ ನೋಡುವುದಿಲ್ಲ. ಸ್ಯಾಕ್ರಮೆಂಟೋ ಮೆಟ್ಟಿಲು ಒಡೆಯಬಲ್ಲದು. ಕಿಟಕಿಯ ಮುಂದೆ ಸಾಲು ಎಲ್ಲಿ ಕರಗಿಹೋಗುತ್ತದೆ ಎಂಬುದು ಅದಕ್ಕೆ ಕಾಣುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಕಡೆಯೂ ಕಾಗದದ ಮೇಲೆ ಎಲ್ಲವೂ ಇದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಶಾಸಕರ ಅಧ್ಯಕ್ಷತೆಯ ಅಭಿವೃದ್ಧಿ ಸಮಿತಿ; ಸ್ವಾಯತ್ತ ಕಾಲೇಜಿಗೆ ಅಧ್ಯಯನ ಮಂಡಳಿ, ಅಕಾಡೆಮಿಕ್ ಕೌನ್ಸಿಲ್; ನ್ಯಾಕ್ ಹೇಳಿದಂತೆ ವಿದ್ಯಾರ್ಥಿ, ಹಳೆ ವಿದ್ಯಾರ್ಥಿ, ಉದ್ಯಮಿ ಎಲ್ಲರೂ ಇರುವ ಗುಣಮಟ್ಟ ಭರವಸೆ ಕೋಶ, ಅಂದರೆ ಐಕ್ಯೂಎಸಿ. ಅಂಥದೊಂದು ಕೋಶದಲ್ಲಿ ನಾನು ಹಳೆ ವಿದ್ಯಾರ್ಥಿಗಳ ಪ್ರತಿನಿಧಿಯಾಗಿದ್ದೆ. ಪೀರ್ ಟೀಮ್ ಬರುವ ಹಿಂದಿನ ವಾರ ಒಬ್ಬ ಅತಿಥಿ ಉಪನ್ಯಾಸಕರು ನಡಾವಳಿ ಪುಸ್ತಕ ಹಿಡಿದು ನಮ್ಮ ಕಚೇರಿಗೆ ಬಂದರು. ನಾಲ್ಕು ಸಭೆಯ ನಡಾವಳಿ. ನಾಲ್ಕಕ್ಕೂ ನಾನು ಹಾಜರಿದ್ದೆ, ಎರಡರಲ್ಲಿ ಸಲಹೆ ಕೊಟ್ಟಿದ್ದೆ, ಒಂದರಲ್ಲಿ ವಂದನಾರ್ಪಣೆಯನ್ನೂ ಮಾಡಿದ್ದೆ! ಅವುಗಳಲ್ಲಿ ಒಂದೂ ನಡೆದಿರಲಿಲ್ಲ. ಕಾಫಿ ಆರುವ ಮೊದಲೇ ನಾಲ್ಕೂ ಕಡೆ ಸಹಿ ಹಾಕಿ ಕೊಟ್ಟೆ. ನಿಮ್ಮ ಪತ್ರದ ಕಾಫಿ ನನಗೆ ಚುಚ್ಚಿದ್ದು ಅದಕ್ಕೇ.

ಈಗ ಕೋಳಿ. ಕ್ಯಾಲಿಫೋರ್ನಿಯಾದ ಪ್ರತಿ ಕಾಲೇಜು ಜಿಲ್ಲೆಯ (ಒಂದೋ ಹಲವೋ ಕಾಲೇಜುಗಳನ್ನು ನಡೆಸುವ ಸ್ಥಳೀಯ ಸಂಸ್ಥೆ) ಮಂಡಳಿಯಲ್ಲೂ ಒಬ್ಬ ವಿದ್ಯಾರ್ಥಿ ಟ್ರಸ್ಟಿ ಇರಬೇಕು. ಆದರೆ ಅವನ ಮತ ತೀರ್ಮಾನದ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಕೋಳಿಯನ್ನು ಕೇಳುತ್ತಾರೆ, ಒರಳು ಮಾತ್ರ ಬೇರೆಯವರ ಕೈಯಲ್ಲಿ. ನನಗೆ ಅನ್ನಿಸುವ ದೊಡ್ಡ ಕೊರತೆ ಅದೂ ಅಲ್ಲ. ಆ ಸಭೆ ಇದ್ದದ್ದು ಮಧ್ಯಾಹ್ನ ಎರಡಕ್ಕೆ ಎಂದಿದ್ದೀರಿ. ಆ ಹೊತ್ತಿನಲ್ಲಿ ಬಿಡುವಿರುವ ವಿದ್ಯಾರ್ಥಿ, ಸಮುದಾಯ ಕಾಲೇಜಿನ ಸಾಮಾನ್ಯ ವಿದ್ಯಾರ್ಥಿಯಲ್ಲ. ಸಾಮಾನ್ಯ ವಿದ್ಯಾರ್ಥಿ ಆಗ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿರುತ್ತಾನೆ, ಇಲ್ಲವೇ ಮಗುವನ್ನು ಶಾಲೆಯಿಂದ ಕರೆತರಲು ಹೋಗಿರುತ್ತಾಳೆ. ಓದು ಬಿಟ್ಟುಹೋದವರಂತೂ ಯಾವ ಸಮಿತಿಯಲ್ಲೂ ಇಲ್ಲ. ಯೋಜನೆ ಇರುವುದೇ ಅವರಿಗಾಗಿ.

ನಿಮ್ಮ ಸೊಸೆಯವರ ವಿಷಯವೂ ಇದೇ. ಪೂರ್ಣಾವಧಿಯವರ ಹೊರೆಯ ಶೇ. 67ಕ್ಕಿಂತ ಹೆಚ್ಚು ಪಾಠವನ್ನು ಒಂದು ಕಾಲೇಜು ಜಿಲ್ಲೆ ಅರೆಕಾಲಿಕರಿಗೆ ಕೊಡುವಂತಿಲ್ಲ. ಹಾಗಾಗಿ ಎರಡು ಮೂರು ಕಾಲೇಜುಗಳ ನಡುವೆ ಕಾರು ಓಡಿಸುತ್ತ ಬದುಕುವವರು ಸಾವಿರಾರು. ‘ಫ್ರೀವೇ ಫ್ಲೈಯರ್’ ಎಂಬ ಅಡ್ಡಹೆಸರೇ ಇದೆ. 1988ರ ಅದೇ ಕಾಯಿದೆ ಪಾಠದ ಶೇ. 75ರಷ್ಟನ್ನು ಪೂರ್ಣಾವಧಿಯವರೇ ಮಾಡಬೇಕೆಂಬ ಗುರಿ ಇಟ್ಟಿತ್ತು, ರಾಜ್ಯ ಅದನ್ನು ಮುಟ್ಟಲೇ ಇಲ್ಲ. ಪಾಠ ಮಾಡುವವರು ರಸ್ತೆಯಲ್ಲಿದ್ದಾಗ ಮೇಜಿನ ಸುತ್ತ ಯಾರಿರುತ್ತಾರೆ? ನಮ್ಮ ಅತಿಥಿ ಉಪನ್ಯಾಸಕರನ್ನು ನೆನೆದುಕೊಂಡರೆ ಹೆಚ್ಚು ವಿವರಿಸಬೇಕಾಗಿಲ್ಲ. ಅಂದು ಸೊಸೆಯವರು ನಿಮ್ಮನ್ನು ಕರೆದುಕೊಂಡು ಹೋದದ್ದು ತಮ್ಮ ಬಿಡುವಿನ ದಿನ ಎಂದು ಬರೆದಿದ್ದೀರಿ. ಮಾತಾಡಿದರೇ ಎಂಬುದನ್ನು ಬರೆದಿಲ್ಲ.

ಊರಿಗೆ ಮರಳಲು ಇನ್ನೂ ಎರಡು ತಿಂಗಳಿದೆಯಲ್ಲ. ಒಂದು ಸಂಜೆ ಆರೂವರೆ ಹೊತ್ತಿಗೆ, ಸೊಸೆಯವರ ತರಗತಿ ಬಿಡುವುದನ್ನು ಕಾಯುವ ನೆವದಲ್ಲಿ, ಆ ಕಾಲೇಜಿನ ಕೌನ್ಸೆಲಿಂಗ್ ಕಚೇರಿಯ ಕಡೆ ನಡೆದುಹೋಗಿ ಬಾಗಿಲಿನ ಮೇಲಿನ ವೇಳಾಪಟ್ಟಿ ನೋಡಿ. ಐದಕ್ಕೇ ಬೀಗ ಬಿದ್ದಿದ್ದರೆ ಬರೆಯಿರಿ, ಆ ಪತ್ರವನ್ನು ಒಂದಕ್ಷರವೂ ಕತ್ತರಿಸದೆ ಅಚ್ಚು ಮಾಡುತ್ತೇನೆ.

— ಸಂ.