ಹಳೇ ಜಿಪ್ಸಿ 60 ದಾಟಿದ ಕೂಡಲೇ ನಡುಗುತ್ತದೆ, ಗೇರ್‌ಬಾಕ್ಸ್ ಇಳಿಸಬೇಕಾ?

ಬೇಡ. ಸದ್ಯಕ್ಕಂತೂ ಖಂಡಿತ ಬೇಡ.

ನೀವು ಬರೆದಿದ್ದು ಇಷ್ಟು: ಸಂಡೂರಿನ ಗಣಿ ಕಡೆ ಓಡಿದ ಸೆಕೆಂಡ್ ಹ್ಯಾಂಡ್ ಮಾರುತಿ ಜಿಪ್ಸಿ ಜೀಪು ತೆಗೆದುಕೊಂಡಿದ್ದೀರಿ. 60 ದಾಟಿದರೆ ಕಾಲಡಿಯ ನೆಲ, ಗೇರ್ ಲಿವರ್ ಎರಡೂ ಗುಂಯ್ ಅಂತ ನಡುಗುತ್ತವೆ, ಸ್ಟೇರಿಂಗ್ ಮಾತ್ರ ಸುಮ್ಮನಿರುತ್ತದೆ. ಹೊಸ ಟೈರ್ ಹಾಕಿಸಿದಿರಿ, ಬ್ಯಾಲೆನ್ಸಿಂಗ್ ಆಯ್ತು, ಅಲೈನ್‌ಮೆಂಟ್ ಆಯ್ತು, ನಡುಕ ಹಾಗೇ ಇದೆ. ಈಗ ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚೋಣ ಅಂತಿದ್ದಾರೆ. ನಾನು ಬಳ್ಳಾರಿಯವನು, ನನ್ನ ಹತ್ತಿರವೂ ಜಿಪ್ಸಿ ಇದೆ, ಅದಕ್ಕೂ ಇದೇ ನಡುಕ ಬಂದಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ನಡುಕದ ವೇಗ ನೋಡಿ. ಟೈರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಉರುಳುತ್ತದೆ. ಅಂದರೆ 60ರಲ್ಲಿ ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು. ಚಕ್ರದ ದೋಷವಾದರೆ ಗಡಗಡ ಅಂತ ನಿಧಾನವಾಗಿ ಅಲುಗುತ್ತದೆ, ಮುಂದಿನ ಚಕ್ರವಾದರೆ ಸ್ಟೇರಿಂಗಿನಲ್ಲೇ ಗೊತ್ತಾಗುತ್ತದೆ. ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಮೂರೂವರೆಯಿಂದ ನಾಲ್ಕು ಪಟ್ಟು ಜೋರಾಗಿ ತಿರುಗುತ್ತದೆ. ಅದರ ನಡುಕ ಗುಂಯ್ ಅನ್ನುವ ಥರ ಇರುತ್ತದೆ, ನೆಲದಿಂದ ಬರುತ್ತದೆ. ನೀವು ಹೇಳಿದ್ದು ಇದನ್ನೇ ಅಲ್ವಾ? ಹಾಗಾಗಿ ಟೈರಿಗೆ ಇನ್ನು ದುಡ್ಡು ಹಾಕಬೇಡಿ.

ಇನ್ನು ರಸ್ತೆಯಲ್ಲಿ ಒಂದು ಪರೀಕ್ಷೆ. ಕುಡುತಿನಿ ಕಡೆಯ ಹೆದ್ದಾರಿಯಲ್ಲಿ ಲಾರಿ ಕಾಟ ಜಾಸ್ತಿ, ಬೆಳಗಿನ ಜಾವ ಹೋಗಿ. 2Hನಲ್ಲೇ, ಅಂದರೆ ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವಂತೆ ಓಡಿಸಿ. 4H (ನಾಲ್ಕೂ ಚಕ್ರಕ್ಕೆ ಶಕ್ತಿ) ಹಾಕಿ ಡಾಂಬರಿನ ಮೇಲೆ ಓಡಿಸಿದರೆ ಮುಂದಿನ, ಹಿಂದಿನ ಆಕ್ಸಲ್ ಒಂದಕ್ಕೊಂದು ಎಳೆದಾಡಿ ಬೇರೆಯದೇ ನಡುಕ ಬರುತ್ತದೆ. 65ರಲ್ಲಿ ಐದನೇ ಗೇರ್, ಅದೇ 65ರಲ್ಲಿ ನಾಲ್ಕನೇ ಗೇರ್ ಹಾಕಿ ನೋಡಿ. ಆಮೇಲೆ ನ್ಯೂಟ್ರಲ್ ಮಾಡಿ ಗಾಡಿಯನ್ನು ಹಾಗೇ ಉರುಳಲು ಬಿಡಿ. ಎಂಜಿನ್ ಮಾತ್ರ ಆಫ್ ಮಾಡಬೇಡಿ, ಬ್ರೇಕ್ ಗಟ್ಟಿಯಾಗುತ್ತದೆ. ಗೇರ್ ಬದಲಾದರೂ ನಡುಕ ಬದಲಾಗದಿದ್ದರೆ, ನ್ಯೂಟ್ರಲ್‌ನಲ್ಲೂ ಹಾಗೇ ಇದ್ದರೆ, ಅದಕ್ಕೆ ಎಂಜಿನ್ನೂ ಕಾರಣವಲ್ಲ, ಕ್ಲಚ್ಚೂ ಅಲ್ಲ. ಅದು ಗೇರ್‌ಬಾಕ್ಸಿನ ಹಿಂದೆ ಎಲ್ಲೋ ಇದೆ.

ಹಿಂದೆ ಅಂದರೆ ಎಲ್ಲಿ? ಇಲ್ಲಿ ಜಿಪ್ಸಿಯ ರಚನೆ ಗೊತ್ತಿರಬೇಕು. ಇದರಲ್ಲಿ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ಬೇರೆಯಾಗಿ, ಮೂರು ರಬ್ಬರ್ ಮೌಂಟಿಂಗ್ ಮೇಲೆ ಛಾಸಿಗೆ ಕೂತಿದೆ. ಗೇರ್‌ಬಾಕ್ಸಿನಿಂದ ಅದಕ್ಕೆ ಒಂದು ಗಿಡ್ಡ ಶಾಫ್ಟ್ ಬರುತ್ತದೆ. ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು ಉದ್ದ ಶಾಫ್ಟ್. ಹೈ ರೇಂಜಿನಲ್ಲೂ (2H, 4H) ಟ್ರಾನ್ಸ್‌ಫರ್ ಕೇಸ್ ವೇಗವನ್ನು ಸ್ವಲ್ಪ ಇಳಿಸುವುದರಿಂದ, ಈ ಗಿಡ್ಡ ಶಾಫ್ಟ್ ಉಳಿದೆರಡಕ್ಕಿಂತ ಜೋರಾಗಿ ತಿರುಗುತ್ತದೆ. ಅದರಲ್ಲಿ ಚೂರು ದೋಷ ಇದ್ದರೂ ಗೇರ್ ಲಿವರ್ ಹಾಡುತ್ತದೆ. ಬಹಳ ಜನ ಮೆಕ್ಯಾನಿಕ್‌ಗಳು ಹಿಂದಿನ ಶಾಫ್ಟ್ ಮಾತ್ರ ಅಲ್ಲಾಡಿಸಿ ನೋಡಿ 'ಶಾಫ್ಟ್ ಚೆನ್ನಾಗಿದೆ' ಅಂದುಬಿಡುತ್ತಾರೆ.

ಒಂದೊಂದೇ ತೆಗೆದು ನೋಡುವುದು ಒಳ್ಳೆಯ ದಾರಿ. ಮುಂದಿನ ಚಕ್ರಗಳಿಗೆ ಫ್ರೀ ವೀಲ್ ಹಬ್ (ಚಕ್ರವನ್ನು ಆಕ್ಸಲ್ಲಿನಿಂದ ಬಿಡಿಸುವ ಲಾಕ್) ಇದ್ದರೆ ಎರಡನ್ನೂ ಫ್ರೀ ಮಾಡಿ ಓಡಿಸಿ, ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಹಬ್ ಇಲ್ಲದಿದ್ದರೆ ಆ ಶಾಫ್ಟನ್ನೇ ಬಿಚ್ಚಿಟ್ಟು 2Hನಲ್ಲಿ ಓಡಿಸಿ. ನಡುಕ ಹೋಗಲಿಲ್ಲ ಅಂದರೆ ಅದನ್ನು ವಾಪಸ್ ಕಟ್ಟಿ, ಹಿಂದಿನದನ್ನು ಬಿಚ್ಚಿ. ಹಬ್ ಫ್ರೀ ಮಾಡಿದ್ದರೆ ಮತ್ತೆ ಲಾಕ್ ಮಾಡಿ. ಈಗ 4H ಹಾಕಿದರೆ ಗಾಡಿ ಬರೀ ಮುಂದಿನ ಚಕ್ರದ ಮೇಲೆ ಓಡುತ್ತದೆ. ಸ್ವಲ್ಪ ದೂರ, ಮೆತ್ತಗೆ ವೇಗ ಏರಿಸಿ 60 ದಾಟಿಸಿ ನೋಡಿ. ಆಗಲೂ ನಡುಕ ಇದ್ದರೆ ಉಳಿಯುವುದು ಗಿಡ್ಡ ಶಾಫ್ಟ್ ಮತ್ತು ಟ್ರಾನ್ಸ್‌ಫರ್ ಕೇಸಿನ ರಬ್ಬರ್. ಒಂದು ಎಚ್ಚರಿಕೆ: ಶಾಫ್ಟ್ ಬಿಚ್ಚಿದ ಗಾಡಿ ಗೇರಿನಲ್ಲಿಟ್ಟರೂ ಉರುಳಬಹುದು. ಕೆಳಗೆ ಹೋಗುವ ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಬರೀ ಜಾಕ್ ನಂಬಬೇಡಿ.

ಶಾಫ್ಟ್ ಕೈಗೆ ಬಂದ ಮೇಲೆ ಯುಜೆ ಕ್ರಾಸ್ (ಶಾಫ್ಟಿನ ತುದಿ ಬಗ್ಗಲು ಬಿಡುವ ಪ್ಲಸ್ ಆಕಾರದ ಕೀಲು) ನೋಡಿ. ಬೇರೆ ಊರಿನಲ್ಲಾದರೆ ಕ್ರಾಸಿನ ತುದಿಗಳ ಬೇರಿಂಗ್ ಕಪ್ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಸಾಕು, ಗ್ರೀಸ್ ಒಣಗಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಅದು ನಡೆಯುವುದಿಲ್ಲ. ಅದಿರಿನ ಧೂಳು ಕೂತ ಗಾಡಿಯ ಹೊಟ್ಟೆಯಲ್ಲಿ ಎಲ್ಲವೂ ಕೆಂಪೇ. ಅದಕ್ಕೆ ಬಿಚ್ಚುವ ಮೊದಲೇ ಅಡಿಭಾಗ ಚೆನ್ನಾಗಿ ತೊಳೆಸಿ, ಒಂದೆರಡು ದಿನ ಡಾಂಬರು ರಸ್ತೆಯಲ್ಲೇ ಓಡಿಸಿ, ಆಮೇಲೆ ಬಗ್ಗಿ ನೋಡಿ. ತೊಳೆದ ಮೇಲೂ ಕಪ್ ಬಾಯಲ್ಲಿ ಪುಡಿ ಬಂದಿದ್ದರೆ ಅದು ತುಕ್ಕೇ. ರಿಮ್ಮಿನ ಒಳಗೆ ಒಣಗಿ ಗಟ್ಟಿಯಾದ ಮಣ್ಣೂ ಇದೇ ತೊಳೆತದಲ್ಲಿ ಹೋಗಲಿ.

ಪ್ಲೇ (ಸಡಿಲ) ಇದೆಯಾ ಅಂತ ಮಾತ್ರ ನೋಡಿದರೆ ಸಾಲದು. ನನ್ನ ಗಾಡಿಯ ಗಿಡ್ಡ ಶಾಫ್ಟಿನ ಕ್ರಾಸಿನಲ್ಲಿ ಒಂದಿಷ್ಟೂ ಪ್ಲೇ ಇರಲಿಲ್ಲ, ಅಲ್ಲಾಡಿಸಿದರೆ ಹೊಸದರಂತೆ ಬಿಗಿ. ಬಿಚ್ಚಿ ಕೈಯಲ್ಲಿ ಬಗ್ಗಿಸಿದಾಗಲೇ ತಿಳಿದದ್ದು, ಒಂದು ಕಡೆಗೆ ಹಿಡಿದುಕೊಂಡುಬಿಟ್ಟಿತ್ತು. ಒಳಗಿನ ಸೂಜಿ ಬೇರಿಂಗ್ ಪುಡಿಯಾಗಿತ್ತು. ಒಳ್ಳೆಯ ಕ್ರಾಸ್ ನಾಲ್ಕೂ ಕಡೆ ನುಣ್ಣಗೆ ಬಗ್ಗಬೇಕು. ಕಟಕಟ ಅಂದರೆ, ಎಲ್ಲಾದರೂ ತಡೆದರೆ, ಬದಲಿಸಿ. ಹೊಸದು ಹಾಕುವಾಗ ಸುತ್ತಿಗೆಯಲ್ಲಿ ಹೊಡೆಯಲು ಬಿಡಬೇಡಿ, ವೈಸ್ ಅಥವಾ ಪ್ರೆಸ್‌ನಲ್ಲಿ ಒತ್ತಿಸಿ. ಒಂದು ಸೂಜಿ ಅಡ್ಡ ಬಿದ್ದರೂ ಹೊಸ ಕ್ರಾಸ್ ಹಾಳು.

ಬಿಚ್ಚುವ ಮೊದಲು ಶಾಫ್ಟಿಗೂ ಅದನ್ನು ಬೋಲ್ಟ್ ಮಾಡಿರುವ ಫ್ಲ್ಯಾಂಜಿಗೂ ಪೇಂಟಿನ ಗುರುತು ಹಾಕಿ. ಜಾರುವ ಸ್ಪ್ಲೈನ್ (ಒಂದರೊಳಗೊಂದು ಸರಿದಾಡುವ ಹಲ್ಲಿನ ಜೋಡಣೆ) ಇರುವ ಶಾಫ್ಟ್‌ನ ಎರಡೂ ತುದಿಯ ಯೋಕ್ ಕಿವಿಗಳು (ಕ್ರಾಸ್ ಹಿಡಿಯುವ ಕವಲು) ಒಂದೇ ನೇರಕ್ಕೆ ಇರಬೇಕು. ಹಿಂದೆ ಯಾರೋ ಗ್ರೀಸ್ ಹಾಕಲು ಎಳೆದು, ಒಂದು ಹಲ್ಲು ಆಚೀಚೆ ಕೂರಿಸಿದ್ದರೂ ನಿಮ್ಮ ಥರದ ನಡುಕವೇ ಬರುತ್ತದೆ. ಸರಿಮಾಡಲು ಒಂದು ಪೈಸೆ ಖರ್ಚಿಲ್ಲ. ಕೊಳವೆಗೆ ಕಲ್ಲು ಬಡಿದು ತಗ್ಗು ಬಿದ್ದಿದೆಯಾ, ಬ್ಯಾಲೆನ್ಸಿಗೆ ವೆಲ್ಡ್ ಮಾಡಿದ ಪುಟ್ಟ ತೂಕ ಕಿತ್ತುಹೋಗಿದೆಯಾ ಅಂತಲೂ ನೋಡಿ. ಹಾಗಿದ್ದರೆ ಲಾರಿ ಶಾಫ್ಟ್ ಬ್ಯಾಲೆನ್ಸ್ ಮಾಡುವ ಕಡೆ ಒಯ್ಯಿರಿ.

ಟ್ರಾನ್ಸ್‌ಫರ್ ಕೇಸಿನ ರಬ್ಬರನ್ನು ರಾಡ್ ಹಾಕಿ ಮೀಟಿ ನೋಡಿ. ನಮ್ಮ ಬಿಸಿಲಿಗೆ, ಸೋರಿದ ಆಯಿಲಿಗೆ ಅದು ಬಿರಿಯುತ್ತದೆ, ಕಬ್ಬಿಣದಿಂದ ಬಿಡುತ್ತದೆ. ಮೂರನ್ನೂ ಒಟ್ಟಿಗೇ ಬದಲಿಸಿ. ಒಂದೇ ಹೊಸದು ಹಾಕಿದರೆ ಕೇಸ್ ಓರೆಯಾಗಿ ಕೂರುತ್ತದೆ.

ಹಳೇ ಮಾಲೀಕರು ಉದ್ದ ಶ್ಯಾಕಲ್ (ಸ್ಪ್ರಿಂಗನ್ನು ಛಾಸಿಗೆ ಹಿಡಿಯುವ ಕೊಂಡಿ) ಹಾಕಿ ಗಾಡಿ ಎತ್ತರಿಸಿದ್ದಾರಾ? ಹಾಗಿದ್ದರೆ ಹಿಂದಿನ ಆಕ್ಸಲ್ಲಿನಲ್ಲಿ ಶಾಫ್ಟ್ ಸೇರುವ ಪಿನಿಯನ್ ಗೇರಿನ ಕೋನವೇ ಬದಲಾಗಿರುತ್ತದೆ. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್ ಮತ್ತು ಪಿನಿಯನ್ ಫ್ಲ್ಯಾಂಜ್ ಒಂದಕ್ಕೊಂದು ಸಮಾನಾಂತರ ಇರಬೇಕು, ಒಂದು ಡಿಗ್ರಿ ಆಚೀಚೆ ನಡೆಯುತ್ತದೆ. ಮೊಬೈಲಿನ ಆ್ಯಪ್‌ನಲ್ಲೇ ಅಳೆಯಬಹುದು. ಜಾಸ್ತಿ ವ್ಯತ್ಯಾಸ ಇದ್ದರೆ ಲೀಫ್ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಕಬ್ಬಿಣದ ಬೆಣೆ ಕೊಡಿಸಿ, ಇಲ್ಲವೇ ಹಳೇ ಶ್ಯಾಕಲ್ ವಾಪಸ್ ಹಾಕಿಸಿ. ನನ್ನನ್ನು ಕೇಳಿದರೆ ಎರಡನೆಯದೇ ಮೇಲು.

ಇಷ್ಟೂ ಸರಿಯಿದ್ದು, ಆಕ್ಸಿಲರೇಟರ್ ಬಿಟ್ಟಾಗ ಮಾತ್ರ ಹಿಂದಿನಿಂದ ಊಳಿಡುವ ಸದ್ದು ಬಂದರೆ ಪಿನಿಯನ್ ಬೇರಿಂಗ್ ನೋಡಿಸಿ. ಅದೂ ಹಿಂದಿನ ಆಕ್ಸಲ್ ಹೌಸಿಂಗ್‌ನ ಕೆಲಸ, ಗೇರ್‌ಬಾಕ್ಸಿನದಲ್ಲ. ಯಾವ ಶಾಫ್ಟ್ ಬಿಚ್ಚಿದಾಗ ನಡುಕ ನಿಂತಿತು ಅಂತ ಬರೆಯಿರಿ, ಮುಂದಿನದು ಹೇಳುತ್ತೇನೆ.