ಮೀಸೆಯಿರುವ ಗೃಹಿಣಿ ಅಣಕಿಸಿದ್ದು ಯಾರನ್ನು?

ಪ್ರಶ್ನೆ: ಬ್ರಿಟನ್ನಿನ ರಾಕ್ ತಂಡ ಕ್ವೀನ್‌ನ ‘ಐ ವಾಂಟ್ ಟು ಬ್ರೇಕ್ ಫ್ರೀ’ ಹಾಡಿನ ವಿಡಿಯೊದಲ್ಲಿ ನಾಲ್ವರೂ ಹೆಣ್ಣುವೇಷ ಹಾಕಿದ್ದಾರೆ. ಗಾಯಕ ಫ್ರೆಡ್ಡಿ ಮರ್ಕ್ಯುರಿ ತಮ್ಮ ಬದುಕಿನ ಬಗ್ಗೆ ತಾವೇ ಬರೆದ ಹಾಡಿದು, ವೇಷದ ಯೋಚನೆಯೂ ಅವರದೇ ಎಂದು ಹಲವರು ಹೇಳುತ್ತಾರೆ. ನಿಜವೇ? ಅಮೆರಿಕದಲ್ಲಿ ಇದು ಏಕೆ ಸೋತಿತು?

ಉತ್ತರ: ಎರಡೂ ನಿಜವಲ್ಲ. 1984ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ಈ ಹಾಡನ್ನು ಬರೆದವರು ತಂಡದಲ್ಲೇ ಅತ್ಯಂತ ಮಿತಭಾಷಿಯಾಗಿದ್ದ ಬೇಸ್ ಗಿಟಾರ್ ವಾದಕ ಜಾನ್ ಡೀಕನ್. ವೇಷದ ಯೋಚನೆ ಹೊಳೆದದ್ದು ಡ್ರಮ್ ವಾದಕ ರೋಜರ್ ಟೇಲರ್ ಅವರ ಅಂದಿನ ಗೆಳತಿಗೆ. ಮರ್ಕ್ಯುರಿ ಆ ವೇಷವನ್ನು ಎಲ್ಲರಿಗಿಂತ ಚೆನ್ನಾಗಿ ಧರಿಸಿದ್ದರಿಂದ ಕೀರ್ತಿಯೂ ಅಪವಾದವೂ ಅವರ ತಲೆಗೇ ಬಂದವು.

ನಿರ್ದೇಶಕ ಡೇವಿಡ್ ಮ್ಯಾಲೆಟ್ ಇಲ್ಲಿ ಅಣಕಿಸಿದ್ದು 1960ರಿಂದ ಪ್ರಸಾರವಾಗುತ್ತಿರುವ ‘ಕೊರೊನೇಷನ್ ಸ್ಟ್ರೀಟ್’ ಎಂಬ ಬ್ರಿಟಿಷ್ ಧಾರಾವಾಹಿಯನ್ನು. ಉತ್ತರ ಇಂಗ್ಲೆಂಡಿನ ಶ್ರಮಿಕರ ಬೀದಿಯೊಂದರ ಕಥೆ ಅದು. ಗಿಟಾರ್ ವಾದಕ ಬ್ರಯಾನ್ ಮೇ ತಲೆತುಂಬ ಕರ್ಲರ್ ಸುತ್ತಿಕೊಂಡು, ನೈಟಿಯಲ್ಲಿ ನಿದ್ದೆಗಣ್ಣಿನಿಂದ ಏಳುತ್ತಾರೆ; ಟೇಲರ್ ಶಾಲಾಬಾಲಕಿ; ಡೀಕನ್ ಮುಖ ಗಂಟಿಕ್ಕಿಕೊಂಡ ಅಜ್ಜಿ. ಇವರ ನಡುವೆ ಗುಲಾಬಿ ಬಣ್ಣದ ತೋಳಿಲ್ಲದ ಅಂಗಿ, ಕಪ್ಪು ಚರ್ಮದ ಗಿಡ್ಡ ಲಂಗ ತೊಟ್ಟ ಮರ್ಕ್ಯುರಿ ವ್ಯಾಕ್ಯೂಮ್ ಕ್ಲೀನರ್ ತಳ್ಳುತ್ತ ಬರುತ್ತಾರೆ. ಮೀಸೆ ಮಾತ್ರ ಹಾಗೆಯೇ ಇದೆ, ಹಾಸ್ಯವೆಲ್ಲ ಇರುವುದು ಅದರಲ್ಲೇ ಎಂದು ನನಗನಿಸುತ್ತದೆ. ಹೆಣ್ಣೆಂದು ನಂಬಿಸುವ ಉದ್ದೇಶ ಅವರಿಗೆ ಇರಲೇ ಇಲ್ಲ. ಮನೆಗೆಲಸದಿಂದ ಬೇಸತ್ತ ಗೃಹಿಣಿಯೊಬ್ಬಳು ಕಸ ಹೊಡೆಯುತ್ತ ‘ಬಿಡುಗಡೆ ಬೇಕು’ ಎಂದು ಹಾಡುವುದು ಸಾಹಿತ್ಯಕ್ಕೂ ಚೆನ್ನಾಗಿ ಒಪ್ಪುತ್ತದೆ.

ಧಾರಾವಾಹಿಯನ್ನು ವರ್ಷಗಳಿಂದ ಕಂಡು ಬಲ್ಲ, ಗಂಡಸರು ಹೆಣ್ಣುವೇಷ ಹಾಕಿ ನಗಿಸುವ ರಂಗಪರಂಪರೆಯುಳ್ಳ ಬ್ರಿಟನ್ನಿನಲ್ಲಿ ಹಾಡು ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಅಮೆರಿಕದ ಪ್ರೇಕ್ಷಕರಿಗೆ ಆ ಧಾರಾವಾಹಿಯ ಪರಿಚಯವೇ ಇರಲಿಲ್ಲವಾದ್ದರಿಂದ, ಅಣಕ ಬಿಟ್ಟುಹೋಗಿ ಬರಿಯ ವೇಷವಷ್ಟೇ ಕಣ್ಣಿಗೆ ಬಿತ್ತು. ಅಲ್ಲಿನ ಸಂಗೀತ ವಾಹಿನಿ ಎಂಟಿವಿ ಈ ವಿಡಿಯೊವನ್ನು ಒಪ್ಪಲಿಲ್ಲವೆಂದು ಮೇ ಸಂದರ್ಶನಗಳಲ್ಲಿ ಹೇಳಿದ್ದಾರೆ; ಹಾಡು ಅಲ್ಲಿ 45ನೇ ಸ್ಥಾನದಲ್ಲೇ ನಿಂತಿತು. 1982ರ ಪ್ರವಾಸದ ನಂತರ ಮರ್ಕ್ಯುರಿ ಇದ್ದ ಕ್ವೀನ್ ಅಮೆರಿಕದಲ್ಲಿ ಮತ್ತೆ ಪ್ರವಾಸ ಮಾಡಲಿಲ್ಲ. ಅದಕ್ಕೆ ಈ ವಿಡಿಯೊ ಒಂದೇ ಕಾರಣವೆನ್ನಲು ನಾನು ಹಿಂಜರಿಯುತ್ತೇನೆ.

ವಿಡಿಯೊವನ್ನು ಇನ್ನೊಮ್ಮೆ ನೋಡುವಿರಾದರೆ ನಡುವಿನ ಬ್ಯಾಲೆ ಭಾಗವನ್ನು ಗಮನಿಸಿ. ಬ್ರಿಟನ್ನಿನ ಹೆಸರಾಂತ ನೃತ್ಯಸಂಸ್ಥೆ ರಾಯಲ್ ಬ್ಯಾಲೆಯ ನರ್ತಕರೊಂದಿಗೆ ಕುಣಿಯುವ ಆ ದೃಶ್ಯಕ್ಕಾಗಿ, ಗೃಹಿಣಿಯ ಪಾತ್ರದಲ್ಲಿ ಉಳಿಸಿಕೊಂಡಿದ್ದ ಮೀಸೆಯನ್ನು ಮರ್ಕ್ಯುರಿ ನಿಜವಾಗಿಯೂ ಬೋಳಿಸಿಕೊಂಡಿದ್ದರು.