ಆಲಿವರ್‌ನ ಗಂಜಿ ಮತ್ತು 1834ರ ಕಾನೂನು

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ವಿದ್ಯಾರ್ಥಿನಿ. ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ ನಮಗೆ ಪಠ್ಯ. ಚಾರಿತ್ರಿಕ ಹಿನ್ನೆಲೆಯಲ್ಲಿ ಪ್ರಬಂಧ ಬರೆಯಲು ಹೇಳಿದ್ದರು. ಕೈಗಾರಿಕಾ ಕ್ರಾಂತಿ, ವಿಕ್ಟೋರಿಯಾ ಯುಗ ಅಂತ ಎರಡು ಪುಟ ಬರೆದೆ. ಇದಕ್ಕೂ ಕಾದಂಬರಿಗೂ ಸಂಬಂಧವೇ ಇಲ್ಲ ಅಂದರು ನಮ್ಮ ಮೇಡಂ. ಏನು ಮಾಡಲಿ?

ಉತ್ತರ: ಆ ಎರಡು ಪುಟ ತೆಗೆದುಬಿಡಿ. ಅದನ್ನು ಆ ಶತಮಾನದ ಯಾವ ಕಾದಂಬರಿಗೆ ಬೇಕಾದರೂ ಅಂಟಿಸಬಹುದು, ಅಲ್ವಾ? ಅಂದಹಾಗೆ, ಈ ಕಾದಂಬರಿ ಧಾರಾವಾಹಿಯಾಗಿ ಶುರುವಾದದ್ದು 1837ರ ಫೆಬ್ರುವರಿಯಲ್ಲಿ. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು ಆ ವರ್ಷದ ಜೂನ್‌ನಲ್ಲಿ.

ಹಿನ್ನೆಲೆಯನ್ನು ಕಾದಂಬರಿಯ ಒಳಗಿಂದಲೇ ಹುಡುಕಿ. ಎರಡನೇ ಅಧ್ಯಾಯದಲ್ಲಿ ವರ್ಕ್‌ಹೌಸಿನ, ಅಂದರೆ ಗತಿಯಿಲ್ಲದ ಬಡವರನ್ನು ಇಟ್ಟುಕೊಂಡು ದುಡಿಸುತ್ತಿದ್ದ ಆಶ್ರಯಮನೆಯ, ಊಟದ ವಿವರ ಇದೆ. ದಿನಕ್ಕೆ ಮೂರು ಹೊತ್ತು ತೆಳು ಗಂಜಿ, ವಾರಕ್ಕೆರಡು ಸಲ ಒಂದು ಈರುಳ್ಳಿ, ಭಾನುವಾರ ಅರ್ಧ ಬನ್ನು. ಗಂಡ ಹೆಂಡತಿಯನ್ನೂ ಬೇರೆ ಮಾಡುತ್ತಾರೆ. ಅಧಿಕಾರಿಗಳು ಕಟುಕರು ಅಂದುಕೊಂಡು ಸುಮ್ನೆ ಮುಂದೆ ಹೋಗಬೇಡಿ. 1834ರಲ್ಲಿ ಇಂಗ್ಲೆಂಡಿನಲ್ಲಿ ಬಡವರಿಗೆ ನೆರವು ಕೊಡುವ ಕಾನೂನು ಬದಲಾಯಿತು. ನೆರವು ಬೇಕಾದವರು ವರ್ಕ್‌ಹೌಸಿಗೇ ಬರಲಿ, ಅಲ್ಲಿನ ಬದುಕು ಹೊರಗಿನ ಕಡುಬಡ ಕೂಲಿಯವನ ಬದುಕಿಗಿಂತಲೂ ಕಷ್ಟವಾಗಿರಲಿ, ಇಲ್ಲದಿದ್ದರೆ ಎಲ್ಲರೂ ಬಂದು ಕೂತುಬಿಡುತ್ತಾರೆ ಅನ್ನುವುದು ಅದರ ಹಿಂದಿನ ಲೆಕ್ಕಾಚಾರ. ಕಾನೂನು ಬಂದು ಇನ್ನೂ ಮೂರೇ ವರ್ಷ, ವಾದ ವಿವಾದ ಜೋರಾಗಿತ್ತು. ವರ್ಕ್‌ಹೌಸಿನಲ್ಲಿದ್ದ ಅನಾಥ ಹುಡುಗ ಆಲಿವರ್ ಬಟ್ಟಲು ಹಿಡಿದು ಇನ್ನಷ್ಟು ಗಂಜಿ ಕೇಳಿದ್ದನ್ನು ಜನ ಓದಿದ್ದು ಆ ಗಲಾಟೆಯ ನಡುವೆ.

ಈಗ ಆ ಕಾನೂನಿನ ಜಾರಿ ನೋಡಿಕೊಳ್ಳುತ್ತಿದ್ದ ಪೂರ್ ಲಾ ಕಮಿಷನರುಗಳು ಹೊರಡಿಸಿದ ಮಾದರಿ ಊಟದ ಪಟ್ಟಿಗಳನ್ನು ನೋಡಿ. ಬ್ರೆಡ್ಡು, ಚೀಸು, ವಾರದಲ್ಲಿ ಕೆಲವು ದಿನ ಮಾಂಸವೂ ಉಂಟು. ಹಾಗಾದರೆ ಡಿಕನ್ಸ್ ಸುಳ್ಳು ಬರೆದನೇ? ಪಟ್ಟಿಯಲ್ಲಿದ್ದದ್ದೆಲ್ಲ ತಟ್ಟೆಗೆ ಬರುತ್ತಿತ್ತು ಅಂತೇನೂ ಇಲ್ಲ. 1845ರಲ್ಲಿ ಆಂಡೋವರ್ ವರ್ಕ್‌ಹೌಸಿನ ಹಗರಣ ಬಯಲಾಯಿತು. ಗೊಬ್ಬರಕ್ಕೆಂದು ಪುಡಿ ಮಾಡಲು ಕೊಟ್ಟ ಮೂಳೆಗಳನ್ನೇ ಅಲ್ಲಿನವರು ಹಸಿವು ತಾಳಲಾರದೆ ಚೀಪುತ್ತಿದ್ದರು. ಆದರೂ ಆ ಈರುಳ್ಳಿಯ ಲೆಕ್ಕ ವ್ಯಂಗ್ಯಕ್ಕಾಗಿ ಹಿಗ್ಗಿಸಿದ್ದೇ, ನನಗೆ ಅನುಮಾನವಿಲ್ಲ. ಸರ್ಕಾರಿ ಪಟ್ಟಿಯನ್ನೂ ಈ ಅಧ್ಯಾಯವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂರಿ. ಯಾವುದನ್ನು ಬಿಟ್ಟಿದ್ದಾನೆ, ಯಾವುದನ್ನು ಜಾಸ್ತಿ ಮಾಡಿದ್ದಾನೆ, ಎಲ್ಲಿ ನಗಿಸಿ ಚುಚ್ಚುತ್ತಾನೆ? ಪ್ರಬಂಧ ಅಲ್ಲಿಂದ ಶುರುವಾಗಲಿ.

ಕಾದಂಬರಿಯಲ್ಲಿ ಹುಡುಗರಿಗೆ ಜೇಬುಗಳ್ಳತನ ಕಲಿಸುವ ಫೇಗಿನ್, ಅವನ ಹುಡುಗರು ಮಾಡುವ ಕರ್ಚೀಫು ಕಳ್ಳತನಕ್ಕೆ ಬಂದಾಗ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಿನ ಹಳೆಯ ವಿಚಾರಣೆಗಳನ್ನು ತೆಗೆಯಿರಿ. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. 1830ರ ದಶಕದ ನಾಲ್ಕೈದು ಕೇಸು ಓದಿದರೆ ಸಾಕು, ಗೈಡು ಆಮೇಲೆ ನೋಡಿದರಾಯಿತು.